ಮನೆಯ ಪುಸ್ತಕಗಳಿಗೊಂದು ಪಟ್ಟಿ: ಹೊಸಬರಿಗೆ ಮೊದಲ ಪಾಠ

ಮನೆಯಲ್ಲಿ ಐವತ್ತು ಅರವತ್ತು ಪುಸ್ತಕಗಳಿರುವವರೆಗೆ ಪಟ್ಟಿ ಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ. ಯಾವುದು ಎಲ್ಲಿದೆ ಎಂದು ಕಣ್ಣಿಗೇ ಗೊತ್ತಿರುತ್ತದೆ. ಮುನ್ನೂರು ದಾಟಿದ ಮೇಲೆ ತೊಡಕು ಶುರುವಾಗುತ್ತದೆ. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ರಿಯಾಯಿತಿ ದರಕ್ಕೆ ಸಿಕ್ಕಿತೆಂದು ಕೊಂಡುತಂದ ಕಾದಂಬರಿ ಆಗಲೇ ಅಟ್ಟದ ಮೇಲೆ ಇರುತ್ತದೆ. ಓದಲು ಕೊಟ್ಟ ಸಂಪುಟ ಯಾರ ಮನೆಯಲ್ಲಿ ಉಳಿಯಿತೆಂದು ನೆನಪಾಗುವುದಿಲ್ಲ. ಅಜ್ಜ ಕೂಡಿಟ್ಟವುಗಳಲ್ಲಿ ಅಪರೂಪದ್ದು ಯಾವುದು, ಈಗಲೂ ಅಂಗಡಿಯಲ್ಲಿ ಸಿಗುವುದು ಯಾವುದು ಎಂದು ಮೊಮ್ಮಕ್ಕಳಿಗೆ ತಿಳಿಯದೆ, ಮನೆ ಖಾಲಿ ಮಾಡುವ ದಿನ ಎಲ್ಲವೂ ಒಟ್ಟಿಗೆ ತೂಕಕ್ಕೆ ಹೋಗುತ್ತವೆ.

ಇದನ್ನೆಲ್ಲ ತಪ್ಪಿಸಲು ಒಂದು ಪಟ್ಟಿ ಸಾಕು. ನೋಟ್‌ಪುಸ್ತಕದಲ್ಲಿ ಬರೆದದ್ದೂ ಒಳ್ಳೆಯ ಪಟ್ಟಿಯೇ. ಆದರೆ ಅಂತರಜಾಲದಲ್ಲಿ ಮಾಡಿದ ಪಟ್ಟಿಗೆ ಎರಡು ಅನುಕೂಲಗಳು ಹೆಚ್ಚು. ಒಂದು, ಅಂಗಡಿಯಲ್ಲಿ ನಿಂತೇ ಫೋನಿನಲ್ಲಿ ಅದನ್ನು ತೆರೆದು ನೋಡಬಹುದು. ಇನ್ನೊಂದು, ಅದೇ ಪುಸ್ತಕವನ್ನು ಇಟ್ಟುಕೊಂಡಿರುವ ಬೇರೆ ಓದುಗರು ಅಲ್ಲಿ ನಮಗೆ ಕಾಣಿಸುತ್ತಾರೆ, ನಾವು ಅವರಿಗೆ ಕಾಣಿಸುತ್ತೇವೆ. ಈ ಎರಡನೆಯದು ಕೈಗೂಡಬೇಕಾದರೆ ಪುಸ್ತಕದ ವಿವರ ಸರಿಯಾಗಿ ದಾಖಲಾಗಿರಬೇಕು. ಇಂಗ್ಲಿಷ್ ಪುಸ್ತಕಗಳ ವಿವರ ಬಹುಮಟ್ಟಿಗೆ ಸಿದ್ಧವಾಗಿ ಸಿಗುತ್ತದೆ. ಕನ್ನಡದ ಹಳೆಯ ಪುಸ್ತಕಗಳಿಗಾದರೆ ಆ ಕೆಲಸವನ್ನು ಓದುಗರಾದ ನಾವೇ ಮಾಡಬೇಕು. ಹೇಗೆ ಮಾಡುವುದೆಂದು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಎಲ್ಲಿ ಮಾಡುವುದು?

ಮನೆಯಲ್ಲಿರುವ ಪುಸ್ತಕಗಳ ಪಟ್ಟಿಗೆ ನಾನು ಹೊಸಬರಿಗೆ ಮೊದಲು ಹೇಳುವ ಹೆಸರು ಲೈಬ್ರರಿಥಿಂಗ್. ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಟಿಮ್ ಸ್ಪಾಲ್ಡಿಂಗ್ 2005ರ ಆಗಸ್ಟ್‌ನಲ್ಲಿ ಇದನ್ನು ಆರಂಭಿಸಿದರು. ಮೊದಲು 200 ಪುಸ್ತಕಗಳವರೆಗೆ ಮಾತ್ರ ಉಚಿತವಾಗಿತ್ತು, ಅದಕ್ಕಿಂತ ಹೆಚ್ಚಾದರೆ ಹಣ ಕೊಡಬೇಕಿತ್ತು. 2020ರಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಇದರ ಬಲವೆಂದರೆ, ಪುಸ್ತಕದ ವಿವರವನ್ನು ಮಾರಾಟದ ತಾಣಗಳಿಂದ ಮಾತ್ರವಲ್ಲ, ಪ್ರಪಂಚದ ಸಾವಿರಾರು ಗ್ರಂಥಾಲಯಗಳ ದಾಖಲೆಗಳಿಂದಲೂ ತರಿಸಿಕೊಳ್ಳಬಹುದು.

ಗುಡ್‌ರೀಡ್ಸ್ ಹೆಚ್ಚು ಜನ ಬಲ್ಲ ತಾಣ. 2007ರಲ್ಲಿ ಶುರುವಾಗಿ 2013ರಲ್ಲಿ ಅಮೆಜಾನ್ ಕಂಪನಿಯ ಕೈ ಸೇರಿತು. ಇದರ ಒಲವು ಓದಿನ ಕಡೆಗೆ. ಓದಿದ್ದು, ಓದುತ್ತಿರುವುದು, ಓದಬೇಕಾದದ್ದು ಎಂಬ ಮೂರು ಕಪಾಟುಗಳ ಸುತ್ತ ಅದರ ವ್ಯವಸ್ಥೆಯಿದೆ. ಕನ್ನಡ ಓದುಗರು ಇಲ್ಲಿ ಸಾಕಷ್ಟು ಮಂದಿ ಸಿಗುತ್ತಾರೆ. ಇಂಟರ್‌ನೆಟ್ ಆರ್ಕೈವ್‌ನವರ ಓಪನ್ ಲೈಬ್ರರಿ ಪ್ರತಿಯೊಂದು ಪುಸ್ತಕಕ್ಕೂ ಒಂದು ಪುಟವಿರಬೇಕೆಂಬ ಆಸೆಯಿಂದ ಹೊರಟದ್ದು. ಖಾತೆ ತೆರೆದ ಯಾರೇ ಆದರೂ ಅಲ್ಲಿ ವಿವರ ಸೇರಿಸಬಹುದು, ತಿದ್ದಬಹುದು.

ಎಲ್ಲ ಕಡೆಯೂ ಒಟ್ಟಿಗೆ ಖಾತೆ ತೆರೆಯಬೇಡಿ. ಒಂದನ್ನು ಹಿಡಿದು ಅದರಲ್ಲೇ ಕೈ ಪಳಗಿಸಿಕೊಳ್ಳಿ. ಮುಂದೆ ಬೇಕಾದರೆ ಪಟ್ಟಿಯನ್ನು ಇನ್ನೊಂದು ಕಡೆಗೆ ಸಾಗಿಸಬಹುದು. ಈ ಪಾಠದಲ್ಲಿ ಲೈಬ್ರರಿಥಿಂಗನ್ನೇ ಇಟ್ಟುಕೊಂಡು ಹೇಳುತ್ತೇನೆ. ಕ್ರಮ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ.

ಬಾರ್‌ಕೋಡ್ ಇರುವ ಪುಸ್ತಕ

ಸುಲಭದ್ದನ್ನು ಮೊದಲು ಮುಗಿಸೋಣ. ಪುಸ್ತಕದ ಹಿಂಬದಿಯಲ್ಲಿ ಕಪ್ಪು ಗೆರೆಗಳ ಬಾರ್‌ಕೋಡ್ ಇದ್ದರೆ ಲೈಬ್ರರಿಥಿಂಗ್ ಆ್ಯಪ್ ತೆರೆದು ಫೋನಿನ ಕ್ಯಾಮೆರಾ ಹಿಡಿಯಿರಿ. ಹೆಸರು, ಲೇಖಕರು, ಪ್ರಕಾಶಕರು ತಾವಾಗಿ ತುಂಬಿಕೊಳ್ಳುತ್ತವೆ. ಆ ಗೆರೆಗಳ ಕೆಳಗಿರುವ ಸಂಖ್ಯೆಯೇ ಸಾಮಾನ್ಯವಾಗಿ ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ.

ಇದರ ಒಳಗುಟ್ಟು ಸ್ವಲ್ಪ ಗೊತ್ತಿದ್ದರೆ ಮುಂದೆ ತಪ್ಪು ಹಿಡಿಯಲು ಸುಲಭ. 2006ರ ಕೊನೆಯವರೆಗೆ ಈ ಸಂಖ್ಯೆಗೆ ಹತ್ತು ಅಂಕಿಗಳಿದ್ದವು. 2007ರ ಜನವರಿ 1ರಿಂದ ಹದಿಮೂರಾದವು. ಹದಿಮೂರರಲ್ಲಿ ಮೊದಲಿನ ಮೂರು ಸಾಮಾನ್ಯವಾಗಿ 978. ಆಮೇಲೆ 81 ಅಥವಾ 93 ಬಂದರೆ ಅದು ಭಾರತದಲ್ಲಿ ಪಡೆದ ಸಂಖ್ಯೆ. ನಮ್ಮ ದೇಶದಲ್ಲಿ ಇದನ್ನು ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ. ಅದರ ನಂತರ ಪ್ರಕಾಶಕರ ಗುರುತು, ಆ ಪುಸ್ತಕದ ಗುರುತು, ಕಡೆಗೆ ತಾಳೆ ನೋಡುವ ಒಂದು ಅಂಕಿ.

ತಾಳೆ ನೋಡುವುದು ಹೀಗೆ. ಅಂಕಿಗಳನ್ನು ಎಡದಿಂದ ಸರದಿಯಂತೆ 1, 3, 1, 3 ಎಂದು ಗುಣಿಸಿ ಎಲ್ಲವನ್ನೂ ಕೂಡಬೇಕು. ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆ ಸರಿ. 9780306406157 ಎಂಬುದನ್ನು ಹೀಗೆ ಕೂಡಿದರೆ 100 ಬರುತ್ತದೆ. ಒಂದು ಅಂಕಿ ತಪ್ಪಿದರೂ ಲೆಕ್ಕ ಕೆಡುತ್ತದೆ. ನೀವು ಬೆರಳಚ್ಚು ಮಾಡಿದ ಸಂಖ್ಯೆಯನ್ನು ತಾಣ ಒಪ್ಪದಿದ್ದರೆ ಕಾರಣ ಬಹಳ ಸಲ ಇದೇ ಆಗಿರುತ್ತದೆ. ಇನ್ನೊಂದು ಮಾತು: ಹಳೆಯ ಹತ್ತಂಕಿಯ ಸಂಖ್ಯೆಯ ಆರಂಭಕ್ಕೆ 978 ಅಂಟಿಸಿದರೆ ಹೊಸ ಸಂಖ್ಯೆಯಾಗುವುದಿಲ್ಲ, ಏಕೆಂದರೆ ಎರಡರ ಲೆಕ್ಕದ ಕ್ರಮ ಬೇರೆ, ಕೊನೆಯ ಅಂಕಿಯನ್ನು ಹೊಸದಾಗಿ ಕಂಡುಹಿಡಿಯಬೇಕು. ಹತ್ತಂಕಿಯದನ್ನು ಇದ್ದ ಹಾಗೆಯೇ ಕೊಡಿ, ಉಳಿದದ್ದನ್ನು ತಾಣ ನೋಡಿಕೊಳ್ಳುತ್ತದೆ.

ಬಾರ್‌ಕೋಡ್ ಇದ್ದ ಮಾತ್ರಕ್ಕೆ ಅದು ಐಎಸ್‌ಬಿಎನ್ ಆಗಿರಲೇಬೇಕಿಲ್ಲ. 890ರಿಂದ ಶುರುವಾದರೆ ಅದು ಸಾಬೂನು, ಬಿಸ್ಕತ್ತುಗಳ ಮೇಲೂ ಇರುವ ಭಾರತದ ಸರಕಿನ ಸಂಖ್ಯೆ. 977ರಿಂದ ಶುರುವಾದರೆ ನಿಯತಕಾಲಿಕದ್ದು. ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಬಂದ ಹೆಸರು ಕೈಯಲ್ಲಿರುವ ಪುಸ್ತಕದ್ದೇ ಎಂದು ಪ್ರತಿ ಸಲವೂ ನೋಡಿ, ಆಮೇಲೆ ಮುಂದಿನ ಪುಸ್ತಕಕ್ಕೆ ಕೈ ಹಾಕಿ.

ಸಂಖ್ಯೆಯೇ ಇಲ್ಲದ ಪುಸ್ತಕ

ಈಗ ನಿಜವಾದ ಕೆಲಸಕ್ಕೆ ಬರೋಣ. ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾದದ್ದೇ 1970ರಲ್ಲಿ. ಕನ್ನಡದ ಪ್ರಕಾಶಕರು ಅದನ್ನು ಹಾಕತೊಡಗಿದ್ದು ಇನ್ನೂ ತಡವಾಗಿ, ಈಗಲೂ ಎಲ್ಲರೂ ಹಾಕುವುದಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ, ಮೈಸೂರಿನ ಕಾವ್ಯಾಲಯ ಮುಂತಾದವುಗಳ ಹಳೆಯ ಮುದ್ರಣಗಳು, ಅಭಿನಂದನ ಗ್ರಂಥಗಳು, ದೀಪಾವಳಿ ವಿಶೇಷಾಂಕಗಳು, ಲೇಖಕರೇ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವನಸಂಕಲನಗಳು ನಿಮ್ಮ ಕಪಾಟಿನಲ್ಲಿದ್ದರೆ, ಅವುಗಳ ವಿವರವನ್ನು ನೀವೇ ಕೈಯಾರೆ ತುಂಬಬೇಕು.

ವಿವರಕ್ಕೆ ರಕ್ಷಾಪುಟವನ್ನು ನಂಬಬೇಡಿ. ಒಳಗಿನ ಶೀರ್ಷಿಕೆ ಪುಟವನ್ನೂ ಅದರ ಬೆನ್ನಿನ ಪುಟವನ್ನೂ ತೆರೆಯಿರಿ. ಹೊದಿಕೆಯಲ್ಲಿ ಕಲಾವಿದರು ಚಂದಕ್ಕಾಗಿ ಬಿಟ್ಟ ಉಪಶೀರ್ಷಿಕೆ, ಸಂಪುಟ ಸಂಖ್ಯೆ, ಸಂಪಾದಕರ ಹೆಸರು ಅಲ್ಲಿ ಇರುತ್ತವೆ. ಬೆನ್ನಿನ ಪುಟದ ಕೆಳಗೆ, ನಮ್ಮ ಹೆಚ್ಚಿನ ಪುಸ್ತಕಗಳಲ್ಲಿ, ಇಂಗ್ಲಿಷಿನಲ್ಲಿ ನಾಲ್ಕಾರು ಸಾಲು ಅಚ್ಚಾಗಿರುತ್ತವೆ. ಪುಸ್ತಕದ ಹೆಸರು ರೋಮನ್ ಲಿಪಿಯಲ್ಲಿ, ಅದು ಕಾದಂಬರಿಯೋ ಪ್ರಬಂಧವೋ ಎಂಬುದು, ಪ್ರಕಾಶಕರು, ಪುಟಗಳು, ಬೆಲೆ, ಪ್ರತಿಗಳು, 1/8 ಡೆಮಿ ಅಳತೆ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ. ಓದುವಾಗ ಯಾರೂ ಕಣ್ಣು ಹಾಯಿಸದ ಈ ಸಾಲುಗಳು ಪಟ್ಟಿ ಮಾಡುವವರಿಗೆ ಬಹಳ ಬೆಲೆಬಾಳುವಂಥವು. ನಿಮಗೆ ಬೇಕಾದ ಮುಕ್ಕಾಲು ಪಾಲು ವಿವರ ಅಲ್ಲೇ ಸಿಗುತ್ತದೆ.

ವರ್ಷವನ್ನು ಬರೆಯುವಾಗ ಎರಡನ್ನು ಬೇರೆ ಮಾಡಿ: ಮೊದಲ ಮುದ್ರಣದ ವರ್ಷ ಮತ್ತು ನಿಮ್ಮ ಕೈಯಲ್ಲಿರುವ ಪ್ರತಿಯ ವರ್ಷ. ‘ಚೋಮನ ದುಡಿ’ ಮೊದಲು ಬಂದದ್ದು 1933ರಲ್ಲಿ. ನಿಮ್ಮಲ್ಲಿರುವುದು ಎಷ್ಟನೆಯದೋ ಮರುಮುದ್ರಣ. ಪ್ರಕಟಣೆಯ ವರ್ಷದ ಜಾಗದಲ್ಲಿ ನಿಮ್ಮ ಪ್ರತಿಯದನ್ನು ಹಾಕಿ, ಮೊದಲ ಮುದ್ರಣದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಪುಸ್ತಕದಲ್ಲಿ ‘೧೯೬೭’ ಎಂದಿದ್ದರೂ ತಾಣದಲ್ಲಿ 1967 ಎಂದೇ ಬರೆಯಿರಿ, ಇಲ್ಲದಿದ್ದರೆ ವರ್ಷದ ಪ್ರಕಾರ ಜೋಡಿಸುವಾಗ ಆ ಪುಸ್ತಕ ಸಾಲು ತಪ್ಪುತ್ತದೆ.

ಕೆಲವು ಪುಸ್ತಕಗಳಲ್ಲಿ ವರ್ಷವೇ ಇರುವುದಿಲ್ಲ. ಆಗ ಮುನ್ನುಡಿಯ ಕೊನೆಗೆ ಹೋಗಿ. ‘ಪ್ಲವ ಸಂವತ್ಸರ, ಯುಗಾದಿ’ ಎಂಬಂಥ ಒಂದು ಸಾಲು ಸಿಗಬಹುದು. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಪ್ಲವ ಬಂದದ್ದು 1961ರಲ್ಲಿ, ಮತ್ತೆ 2021ರಲ್ಲಿ. ಬೆಲೆ ಎರಡೂವರೆ ರೂಪಾಯಿ, ಅಚ್ಚುಮೊಳೆಯ ಒತ್ತು ಕಾಗದದ ಹಿಂಬದಿಗೂ ಮೂಡಿದೆ ಎಂದಾದರೆ 1961 ಎಂದು ನಿಶ್ಚಿಂತೆಯಿಂದ ಬರೆಯಬಹುದು. ಹೀಗೆ ಊಹಿಸಿ ಬರೆದದ್ದನ್ನು ಟಿಪ್ಪಣಿಯಲ್ಲಿ ‘ಮುನ್ನುಡಿಯ ಆಧಾರದ ಮೇಲೆ’ ಎಂದು ಹೇಳಿಬಿಡಿ. ನಿಮ್ಮ ನಂತರ ನೋಡುವವರಿಗೆ ಅದು ಕೊಡುವ ಮರ್ಯಾದೆ.

ಲೇಖಕರ ಹೆಸರು

ಕನ್ನಡ ಪುಸ್ತಕಗಳ ಪಟ್ಟಿಯಲ್ಲಿ ಹೆಚ್ಚು ಗೋಜಲಾಗುವುದು ಇಲ್ಲಿ. ನಮ್ಮ ಲೇಖಕರಿಗೆ ಕಾವ್ಯನಾಮಗಳು ಹೆಚ್ಚು. ಕುವೆಂಪು ಅವರ ಪುಸ್ತಕವೊಂದು ಕೆ.ವಿ. ಪುಟ್ಟಪ್ಪ ಹೆಸರಿನಲ್ಲೂ, ಮಾಸ್ತಿಯವರದು ಶ್ರೀನಿವಾಸ ಎಂಬ ಹೆಸರಿನಲ್ಲೂ, ಬೇಂದ್ರೆಯವರ ಕವನ ಅಂಬಿಕಾತನಯದತ್ತ ಎಂಬ ಹೆಸರಿನಲ್ಲೂ ಸಿಗುತ್ತದೆ. ತ್ರಿವೇಣಿ ಎಂದರೆ ಅನಸೂಯಾ ಶಂಕರ್ ಎಂದು ಹೊಸ ಓದುಗರಿಗೆ ಗೊತ್ತಿರಬೇಕಿಲ್ಲ. ಮನುಷ್ಯರಿಗೆ ಇವೆಲ್ಲ ಒಂದೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಒಬ್ಬ ಲೇಖಕರಿಗೆ ಒಂದೇ ಹೆಸರು ಎಂದು ನಿರ್ಧರಿಸಿಕೊಳ್ಳಿ. ಓದುಗರು ಯಾವ ಹೆಸರಿನಿಂದ ಹುಡುಕುತ್ತಾರೋ ಅದೇ ಇರಲಿ. ಲೈಬ್ರರಿಥಿಂಗ್‌ನಲ್ಲಿ ಒಬ್ಬರದೇ ಬೇರೆ ಬೇರೆ ಹೆಸರುಗಳನ್ನು ಒಂದು ಲೇಖಕ ಪುಟಕ್ಕೆ ಸೇರಿಸುವ ಅಧಿಕಾರ ಸದಸ್ಯರಿಗೇ ಇದೆ. ಅದನ್ನು ಬಳಸಿ.

ಮೊದಲಕ್ಷರಗಳೂ ತೊಂದರೆ ಕೊಡುತ್ತವೆ. ‘ಎಸ್.ಎಲ್. ಭೈರಪ್ಪ’, ‘ಎಸ್ ಎಲ್ ಭೈರಪ್ಪ’, ‘ಎಸ್. ಎಲ್. ಭೈರಪ್ಪ’ ಈ ಮೂರನ್ನೂ ಯಂತ್ರ ಮೂವರೆಂದು ಎಣಿಸಬಹುದು. ಚುಕ್ಕಿ, ಜಾಗ ಬಿಡುವ ಕ್ರಮ ಒಂದೇ ರೀತಿ ಇರಲಿ. ಡಾ., ಪ್ರೊ., ಶ್ರೀ, ಶ್ರೀಮತಿ ಇವನ್ನು ಬಿಟ್ಟುಬಿಡಿ. ಪಟ್ಟಿಯಲ್ಲಿ ಅವು ಗೌರವವನ್ನು ಹೆಚ್ಚಿಸುವುದಿಲ್ಲ, ಹುಡುಕುವುದನ್ನು ಕಷ್ಟ ಮಾಡುತ್ತವೆ. ಅನುವಾದವಾದರೆ ಮೂಲ ಲೇಖಕರ ಹೆಸರು ಮೊದಲು, ಅನುವಾದಕರ ಹೆಸರು ಅವರ ಜಾಗದಲ್ಲಿ ತಪ್ಪದೆ ಬರಬೇಕು. ಅನುವಾದಕರನ್ನು ಬಿಟ್ಟ ದಾಖಲೆಯನ್ನು ಪೂರ್ಣ ಎನ್ನಲಾಗದು.

ಯಾವ ಲಿಪಿಯಲ್ಲಿ?

ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಈ ತಾಣಗಳು ಯುನಿಕೋಡನ್ನು ಅರ್ಥಮಾಡಿಕೊಳ್ಳುತ್ತವೆ, ಯುನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಪಟ್ಟಿ ನಿಮ್ಮಲ್ಲಿದ್ದರೆ ಅದನ್ನು ಯುನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಅಂಟಿಸಿ. ಇಲ್ಲವಾದರೆ ಅರ್ಥವಿಲ್ಲದ ಅಕ್ಷರ, ಚಿಹ್ನೆಗಳ ರಾಶಿ ಮಾತ್ರ ಕಾಣುತ್ತದೆ.

ಆದರೆ ಹುಡುಕುವಾಗ ರೋಮನ್ ಲಿಪಿಯ ನೆರವೂ ಬೇಕಾಗುತ್ತದೆ. ಇದಕ್ಕೊಂದು ಕಾರಣವಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ಅಂದಿನಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ದಾಖಲಿಸುತ್ತ ಬಂದಿದೆ. ಅದರಲ್ಲಿ ಕನ್ನಡವೂ ಸೇರಿದೆ. ನಿಮ್ಮ ಊರಿನ ಅಂಗಡಿಯವರಿಗೇ ಮರೆತುಹೋದ ಕಾದಂಬರಿಯ ವಿವರ ವಾಷಿಂಗ್ಟನ್ನಿನ ದಾಖಲೆಯಲ್ಲಿ ಸಿಗಬಹುದು. ಆದರೆ ಆ ದಾಖಲೆಗಳಲ್ಲಿ ಕನ್ನಡ ಹೆಸರುಗಳನ್ನು ರೋಮನ್ ಲಿಪಿಗೆ ಇಳಿಸಿ, ದೀರ್ಘಕ್ಕೆ ಅಕ್ಷರದ ಮೇಲೆ ಗೆರೆ, ಮೂರ್ಧನ್ಯಕ್ಕೆ ಕೆಳಗೆ ಚುಕ್ಕಿ ಇಡುತ್ತಾರೆ. ನಾವು ಇಂಗ್ಲಿಷಿನಲ್ಲಿ ಕಾರಂತ ಎಂಬ ಹೆಸರಿನ ಕೊನೆಗೆ ‘ಎಚ್’ ಅಕ್ಷರ ಸೇರಿಸಿ ಬರೆಯುವುದು ರೂಢಿ. ಅವರ ಕ್ರಮದಲ್ಲಿ ‘ಎಚ್’ ಇಲ್ಲ, ಕೊನೆಗೆ ‘ಎ’ ಇದೆ. ಲೈಬ್ರರಿಥಿಂಗ್‌ನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸನ್ನು ಆಕರವಾಗಿ ಆರಿಸಿಕೊಂಡು, ಗೆರೆ ಚುಕ್ಕಿಗಳ ಗೊಡವೆಯಿಲ್ಲದೆ, ಕನ್ನಡದ ಉಚ್ಚಾರಣೆ ಇದ್ದ ಹಾಗೆ ಅಕ್ಷರ ಕೂಡಿಸಿ ಹುಡುಕಿ. ಒಂದು ಪದ ಸಿಗದಿದ್ದರೆ ಹೆಸರಿನ ಇನ್ನೊಂದು ಪದ ಹಾಕಿ ನೋಡಿ. ದಾಖಲೆ ಸಿಕ್ಕಿದರೆ ಅದನ್ನು ಸೇರಿಸಿಕೊಂಡು, ಶೀರ್ಷಿಕೆಯನ್ನು ಕನ್ನಡಕ್ಕೆ ತಿದ್ದಿ, ರೋಮನ್ ರೂಪವನ್ನು ಟಿಪ್ಪಣಿಯಲ್ಲಿ ಉಳಿಸಿ. ಎರಡೂ ರೂಪ ಇದ್ದರೆ ಯಾವ ಕಡೆಯಿಂದ ಬಂದವರಿಗೂ ಪುಸ್ತಕ ಸಿಗುತ್ತದೆ.

ಕೃತಿ ಬೇರೆ, ಆವೃತ್ತಿ ಬೇರೆ

ಓದುಗರನ್ನು ಓದುಗರಿಗೆ ಕೂಡಿಸುವ ಕೀಲು ಇಲ್ಲಿದೆ, ನಿಧಾನವಾಗಿ ನೋಡಿ. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಬಂದದ್ದು 1976ರಲ್ಲಿ. ಕನ್ನಡದಲ್ಲಿ ಹಲವು ಮುದ್ರಣ, ಇಂಗ್ಲಿಷಿನಲ್ಲಿ ಹಲವು ಮುದ್ರಣ, ಬೇರೆ ಭಾಷೆಗಳ ಅನುವಾದ ಎಲ್ಲವೂ ಬೇರೆ ಬೇರೆ ಆವೃತ್ತಿಗಳು. ಕೃತಿ ಮಾತ್ರ ಒಂದು. ಲೈಬ್ರರಿಥಿಂಗ್ ಈ ಎಲ್ಲ ಆವೃತ್ತಿಗಳನ್ನು ಒಂದೇ ಕೃತಿಯ ಪುಟದಲ್ಲಿ ಸೇರಿಸುತ್ತದೆ. ಹೀಗಾಗಿ ಹುಬ್ಬಳ್ಳಿಯ ಓದುಗರ ಕನ್ನಡ ಪ್ರತಿಯೂ ಚಿಕಾಗೊದ ವಿದ್ಯಾರ್ಥಿಯ ಇಂಗ್ಲಿಷ್ ಪ್ರತಿಯೂ ಒಂದೇ ಪುಟದಲ್ಲಿ ಭೇಟಿಯಾಗುತ್ತವೆ, ಇಬ್ಬರ ಅಭಿಪ್ರಾಯಗಳೂ ಅಕ್ಕಪಕ್ಕ ನಿಲ್ಲುತ್ತವೆ.

ಕನ್ನಡ ಲಿಪಿಯಲ್ಲಿ ನೀವು ಹೊಸದಾಗಿ ಸೇರಿಸಿದ ಪುಸ್ತಕ ಹೀಗೆ ತಾನಾಗಿ ಸೇರಿಕೊಳ್ಳದೆ ಒಂಟಿಯಾಗಿ ಉಳಿಯಬಹುದು. ಆಗ ‘ಸೇರಿಸು’ ಎಂಬ ಸೌಲಭ್ಯದಿಂದ ಅದನ್ನು ಸರಿಯಾದ ಕೃತಿಗೆ ಜೋಡಿಸಬೇಕು. ಇದನ್ನು ಮಾಡುವವರು ಕಂಪನಿಯ ನೌಕರರಲ್ಲ, ಸದಸ್ಯರು. ಆದರೆ ದುಡುಕಬೇಡಿ. ಒಂದೇ ಹೆಸರಿನ ಎರಡು ಬೇರೆ ಪುಸ್ತಕಗಳಿರುತ್ತವೆ. ಮಕ್ಕಳಿಗಾಗಿ ಮಾಡಿದ ಸಂಕ್ಷಿಪ್ತ ರೂಪವನ್ನು ಪೂರ್ಣ ಕೃತಿಗೆ ಸೇರಿಸಬಾರದು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಒಳ್ಳೆಯ ಉದಾಹರಣೆ. ದೀಪಾ ಭಾಸ್ತಿ ಅನುವಾದಿಸಿದ ಆ ಪುಸ್ತಕದಲ್ಲಿ ಲೇಖಕಿಯ ಬೇರೆ ಬೇರೆ ಸಂಕಲನಗಳಿಂದ ಆಯ್ದ ಹನ್ನೆರಡು ಕಥೆಗಳಿವೆ. ಅದನ್ನು ಯಾವುದೇ ಒಂದು ಕನ್ನಡ ಸಂಕಲನದ ಅನುವಾದವೆಂದು ಜೋಡಿಸಿದರೆ ತಪ್ಪಾಗುತ್ತದೆ. ಅದು ಬೇರೆಯೇ ಕೃತಿ.

ವರ್ಗೀಕರಣ: ರಂಗನಾಥನ್ ಅವರಿಂದ ಕಲಿಯಬೇಕಾದದ್ದು

ಗ್ರಂಥಾಲಯಗಳ ವರ್ಗ ಸಂಖ್ಯೆ ಮನೆಗೆ ಬೇಕೇ ಎಂದು ಹಲವರು ಕೇಳುತ್ತಾರೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ತಿಳಿದಿದ್ದರೆ ಒಳ್ಳೆಯದು, ಆದರೆ ಕಪಾಟಿನ ತುಂಬ ಕನ್ನಡ ಸಾಹಿತ್ಯವೇ ಇರುವ ಮನೆಯಲ್ಲಿ ಎಲ್ಲ ಪುಸ್ತಕಕ್ಕೂ ಅದೇ ಸಂಖ್ಯೆ ಹಚ್ಚಿ ಹೆಚ್ಚು ಪ್ರಯೋಜನವಿಲ್ಲ.

ಅದಕ್ಕಿಂತ ಉಪಯೋಗಕ್ಕೆ ಬರುವುದು ಎಸ್.ಆರ್. ರಂಗನಾಥನ್ ಅವರ ಆಲೋಚನೆಯ ರೀತಿ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, ಕೊನೆಯವರೆಗೆ ಇಲ್ಲೇ ಇದ್ದರು. 1933ರ ಅವರ ಕೋಲನ್ ವರ್ಗೀಕರಣದ ತಿರುಳು ಇದು: ಪುಸ್ತಕವನ್ನು ಒಂದೇ ಗೂಡಿನಲ್ಲಿ ಕೂರಿಸಬೇಡಿ, ಅದರ ಬೇರೆ ಬೇರೆ ಮುಖಗಳನ್ನು ಬಿಡಿಸಿ ಗುರುತಿಸಿ, ಬೇಕಾದಂತೆ ಕೂಡಿಸಿ. ಪುಸ್ತಕಕ್ಕೆ ನಾವೇ ಹಚ್ಚುವ ಗುರುತುಪದಗಳನ್ನು, ಅಂದರೆ ಇಂದಿನ ಟ್ಯಾಗ್‌ಗಳನ್ನು, ಬಳಸುವಾಗ ಇದೇ ಮಾತು ನಮಗೆ ದಾರಿ ತೋರಿಸುತ್ತದೆ.

ಒಂದು ಪುಸ್ತಕಕ್ಕೆ ಐದು ಪ್ರಶ್ನೆ ಹಾಕಿಕೊಂಡರೆ ಸಾಕು. ಯಾವ ಭಾಷೆ? ಯಾವ ಪ್ರಕಾರ: ಕಾದಂಬರಿ, ನಾಟಕ, ಆತ್ಮಕಥೆ? ಯಾವುದರ ಬಗ್ಗೆ? ಯಾವ ಊರು, ಯಾವ ಕಾಲದ್ದು? ಮನೆಯಲ್ಲಿ ಎಲ್ಲಿದೆ? ‘ಕರ್ವಾಲೊ’ ಕಾದಂಬರಿಗೆ ‘ಕನ್ನಡ, ಕಾದಂಬರಿ, ಪರಿಸರ, ಮಲೆನಾಡು, ನಡುಮನೆ ಕಪಾಟು 2’ ಎಂದು ಟ್ಯಾಗ್ ಹಾಕಿದರೆ, ಮುಂದೊಂದು ದಿನ ಮಲೆನಾಡಿನ ಎಲ್ಲ ಪುಸ್ತಕಗಳೂ ಒಂದು ಒತ್ತಿಗೆ ಎದುರಿಗೆ ಬರುತ್ತವೆ. ಒಂದೇ ಟ್ಯಾಗನ್ನು ಎರಡು ರೀತಿ ಬರೆಯಬೇಡಿ. ‘ಕಥೆ’ ಎಂದು ಒಮ್ಮೆ, ‘ಕತೆ’ ಎಂದು ಇನ್ನೊಮ್ಮೆ ಬರೆದರೆ ಪಟ್ಟಿ ಎರಡು ಹೋಳಾಗುತ್ತದೆ.

ಓದುಗರ ನಂಟು

ಒಂದಷ್ಟು ಪುಸ್ತಕ ಸೇರಿಸಿದ ಮೇಲೆ, ನಿಮ್ಮ ಪಟ್ಟಿಗೆ ಯಾರ ಪಟ್ಟಿ ಹೆಚ್ಚು ಹೊಂದುತ್ತದೆ ಎಂದು ಲೈಬ್ರರಿಥಿಂಗ್ ತೋರಿಸತೊಡಗುತ್ತದೆ. ಎಲ್ಲರಲ್ಲೂ ಇರುವ ಜನಪ್ರಿಯ ಪುಸ್ತಕ ಒಂದಾದರೆ ಅದರಲ್ಲಿ ವಿಶೇಷವಿಲ್ಲ. ಕೆಲವೇ ಮಂದಿಯ ಬಳಿ ಇರುವ ಪುಸ್ತಕ ನಿಮ್ಮಲ್ಲೂ ಇನ್ನೊಬ್ಬರಲ್ಲೂ ಇದ್ದರೆ ಆ ವ್ಯಕ್ತಿಯ ಪಟ್ಟಿಯನ್ನು ಪೂರ್ತಿ ನೋಡಿ. ಅಲ್ಲಿರುವ, ನೀವು ಕೇಳಿಯೇ ಇರದ ನಾಲ್ಕು ಪುಸ್ತಕಗಳು ಜಾಹೀರಾತು ಕೊಡುವ ಸಲಹೆಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಮುಂದಿನ ಹೆಜ್ಜೆ, ಓದಿದ ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆಯುವುದು. ಕನ್ನಡದಲ್ಲೇ ಬರೆಯಿರಿ. ಪುಸ್ತಕ ಯಾವುದರ ಬಗ್ಗೆ, ನಿಮಗೆ ಹಿಡಿಸಿದ್ದೇನು, ಹಿಡಿಸದ್ದೇನು, ಯಾರಿಗೆ ಇಷ್ಟವಾಗಬಹುದು ಎಂಬಷ್ಟನ್ನು ಹೇಳಿದರೆ ಸಾಕು. ಕಥೆಯ ಕೊನೆಯನ್ನು ಬಿಟ್ಟುಕೊಡಬೇಡಿ. ಪರಿಚಯದ ಲೇಖಕರೆಂದು ಐದು ನಕ್ಷತ್ರ ಕೊಡುವುದು, ಓದದೆಯೇ ಲೇಖಕರ ಮೇಲಿನ ಸಿಟ್ಟಿಗೆ ಒಂದು ನಕ್ಷತ್ರ ಕೊಡುವುದು ಎರಡೂ ಓದುಗರಿಗೆ ಮಾಡುವ ಅನ್ಯಾಯ. ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳ ಪುಟದಲ್ಲಿ ಇಂದಿಗೂ ಒಂದೇ ಒಂದು ಅಭಿಪ್ರಾಯವಿಲ್ಲ. ನಿಮ್ಮ ನಾಲ್ಕು ಸಾಲೇ ಅಲ್ಲಿ ಮೊದಲನೆಯದಾಗಬಹುದು. ಊರಿನಿಂದ ದೂರ ಇರುವ, ಸಿಡ್ನಿಯಲ್ಲೋ ಸಿಂಗಪುರದಲ್ಲೋ ಕನ್ನಡ ಪುಸ್ತಕದಂಗಡಿಯೇ ಕಾಣದ ಕನ್ನಡಿಗರು ಮುಂದಿನ ಸಲ ಊರಿಗೆ ಬಂದಾಗ ಏನು ಕೊಳ್ಳಬೇಕೆಂದು ನಿರ್ಧರಿಸುವುದು ಇಂಥ ಸಾಲುಗಳನ್ನು ಓದಿ.

ತೀರಿಕೊಂಡವರ ಗ್ರಂಥಸಂಗ್ರಹಗಳನ್ನೂ ಲೈಬ್ರರಿಥಿಂಗ್ ಸದಸ್ಯರು ಸ್ವಯಂಪ್ರೇರಣೆಯಿಂದ ಪಟ್ಟಿ ಮಾಡಿದ್ದಾರೆ. ಥಾಮಸ್ ಜೆಫರ್ಸನ್ 1815ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಮಾರಿದ 6,487 ಸಂಪುಟಗಳ ಸಂಗ್ರಹದ ವಿವರವನ್ನು ಹೀಗೆ ಒಟ್ಟಾಗಿ ಸೇರಿಸಿದರು. ಅವರ ಪುಸ್ತಕಗಳಲ್ಲಿ ನಿಮ್ಮ ಮನೆಯಲ್ಲೂ ಇರುವುದು ಎಷ್ಟು ಎಂದು ತಾಣವೇ ಹೇಳುತ್ತದೆ. ನಮ್ಮ ಊರುಗಳಲ್ಲೂ ಇಂಥ ಸಂಗ್ರಹಗಳಿವೆ: ನಿವೃತ್ತ ಮೇಷ್ಟ್ರ ಮನೆಯದು, ಹಳೆಯ ವಾಚನಾಲಯದ್ದು, ಮಠದ್ದು. ನಾಲ್ಕು ಜನ ಗೆಳೆಯರು ಸೇರಿದರೆ ಕೆಲವು ಭಾನುವಾರಗಳಲ್ಲಿ ಇಂಥ ಒಂದು ಸಂಗ್ರಹದ ಪಟ್ಟಿ ಮುಗಿಯುತ್ತದೆ. ಒಬ್ಬರು ಶೀರ್ಷಿಕೆ ಪುಟ ಓದಲಿ, ಒಬ್ಬರು ಬೆರಳಚ್ಚು ಮಾಡಲಿ, ಒಬ್ಬರು ತಾಳೆ ನೋಡಲಿ, ಒಬ್ಬರು ಧೂಳು ಒರೆಸಿ ಮತ್ತೆ ಜೋಡಿಸಲಿ.

ಮೂರು ಎಚ್ಚರಿಕೆಗಳು

ಮೊದಲನೆಯದು, ಪಟ್ಟಿಯ ನಕಲನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಶೆಲ್ಫಾರಿ ಎಂಬ ಇಂಥದೇ ತಾಣವಿತ್ತು. 2008ರಲ್ಲಿ ಅಮೆಜಾನ್ ಅದನ್ನು ಕೊಂಡಿತು, 2016ರಲ್ಲಿ ಅದು ಮುಚ್ಚಿತು. ಸದಸ್ಯರು ತಮ್ಮ ಪಟ್ಟಿಯನ್ನು ಹೊತ್ತು ಬೇರೆಡೆಗೆ ಹೋಗಬೇಕಾಯಿತು. ಯಾವ ತಾಣವೂ ಶಾಶ್ವತವಲ್ಲ. ಕೆಲವು ತಿಂಗಳಿಗೊಮ್ಮೆ ಪಟ್ಟಿಯನ್ನು ಪಠ್ಯ ಕಡತವಾಗಿ ಇಳಿಸಿಕೊಳ್ಳಿ. ಅದನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಉಳಿಸುವಾಗ ಯುಟಿಎಫ್-8 ಎಂಬ ಆಯ್ಕೆಯನ್ನೇ ಒತ್ತಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಐಎಸ್‌ಬಿಎನ್ ಇರುವ ಕಂಬಸಾಲನ್ನು ‘ಪಠ್ಯ’ ಎಂದು ಗುರುತಿಸಿ. ಹಾಗೆ ಮಾಡದಿದ್ದರೆ ಹದಿಮೂರಂಕಿಯ ಸಂಖ್ಯೆಯನ್ನು ಎಕ್ಸೆಲ್ ಘಾತಾಂಕದ ರೂಪಕ್ಕೆ ಮೊಟಕು ಮಾಡಿ ತೋರಿಸುತ್ತದೆ, ಸೊನ್ನೆಯಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಯ ಮೊದಲ ಸೊನ್ನೆಯನ್ನು ನುಂಗುತ್ತದೆ.

ಎರಡನೆಯದು, ಖಾಸಗಿತನ. ಪಟ್ಟಿ ಎಲ್ಲರಿಗೂ ಕಾಣಬೇಕೋ ನಿಮಗೆ ಮಾತ್ರವೋ ಎಂದು ಮೊದಲೇ ಆರಿಸಿಕೊಳ್ಳಿ. ಮನೆಯ ವಿಳಾಸ, ಫೋನ್ ಸಂಖ್ಯೆ ಬರೆಯಬೇಡಿ. ಪುಸ್ತಕ ಯಾರಿಗೆ ಕೊಟ್ಟಿದ್ದೀರಿ ಎಂಬುದನ್ನು ಖಾಸಗಿ ಟಿಪ್ಪಣಿಯಲ್ಲಿ ಮಾತ್ರ ಬರೆಯಿರಿ.

ಮೂರನೆಯದು, ಕೃತಿಸ್ವಾಮ್ಯ. ಪುಸ್ತಕದ ವಿವರ ದಾಖಲಿಸಲು ಯಾರ ಅನುಮತಿಯೂ ಬೇಡ. ಒಳಪುಟಗಳ ಚಿತ್ರ ತೆಗೆದು ಹಂಚುವುದು ಬೇರೆ ವಿಷಯ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ ಅರುವತ್ತು ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಬರೆದು ಬದುಕುವವರ ಪಾಲನ್ನು ಪ್ರೀತಿಯ ಹೆಸರಿನಲ್ಲಿ ಕಸಿಯಬಾರದು.

ಶುರು ಮಾಡುವ ಬಗೆ

ಇಡೀ ಮನೆಯ ಪುಸ್ತಕಗಳನ್ನು ನೆಲದ ಮೇಲೆ ರಾಶಿ ಹಾಕಿಕೊಂಡು ಕೂತವರು ಮಧ್ಯಾಹ್ನದ ಹೊತ್ತಿಗೆ ಕೈಬಿಡುತ್ತಾರೆ. ಒಂದು ಅಡ್ಡಹಲಗೆಯನ್ನು ಮಾತ್ರ ಹಿಡಿಯಿರಿ. ಅದರಲ್ಲಿ ಬಾರ್‌ಕೋಡ್ ಇರುವವನ್ನು ಮೊದಲು ಮುಗಿಸಿ. ಉಳಿದವುಗಳಿಗೆ ದಿನಕ್ಕೆ ಎರಡರಂತೆ ಸಮಯ ಕೊಡಿ. ಮುಗಿದ ಸಾಲಿನ ಕೊನೆಯ ಪುಸ್ತಕದಲ್ಲಿ ಒಂದು ಚೀಟಿ ಇಡಿ, ನಾಳೆ ಎಲ್ಲಿಂದ ಮುಂದುವರಿಸಬೇಕೆಂದು ತಿಳಿಯುತ್ತದೆ. ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಬೆರಳಚ್ಚಿನಲ್ಲಿ ಅವರು ಚುರುಕು. ಲೇಖಕರು ಯಾರು, ಪುಸ್ತಕ ಮನೆಗೆ ಹೇಗೆ ಬಂತು ಎಂಬುದನ್ನು ನೀವು ಹೇಳುತ್ತ ಹೋಗಿ.

ಹೊಸ ಓದುಗರಿಗೆ ನನ್ನ ಒಂದೇ ಕೋರಿಕೆ. ಐಎಸ್‌ಬಿಎನ್ ಇರುವ ಪುಸ್ತಕಗಳನ್ನು ಇಂದಲ್ಲ ನಾಳೆ ಯಾರಾದರೂ ಸೇರಿಸುತ್ತಾರೆ. ಸಂಖ್ಯೆಯಿಲ್ಲದ, ಮರುಮುದ್ರಣ ಕಾಣದ, ಪ್ರಕಾಶಕರೂ ಉಳಿಯದ ಒಂದು ಕನ್ನಡ ಪುಸ್ತಕ ನಿಮ್ಮ ಕಪಾಟಿನಲ್ಲಿದ್ದರೆ ಈ ವಾರ ಅದರ ಶೀರ್ಷಿಕೆ ಪುಟ ತೆರೆದು, ವಿವರವನ್ನು ಸರಿಯಾಗಿ ದಾಖಲಿಸಿ, ಅದರ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಅದನ್ನು ಹುಡುಕುತ್ತಿರುವ ಇನ್ನೊಬ್ಬ ಓದುಗರಿಗೆ ಅದು ಸಿಗಬೇಕಾದರೆ ಈ ಕೆಲಸವನ್ನು ನೀವೇ ಮಾಡಬೇಕು.